ಎಡಗಡೆಯವರು

ಭದ್ರಾವತಿಯ ರೋಲಿಂಗ್ ಮಿಲ್ಲಿನಲ್ಲಿ ಮೂವತ್ತೊಂದು ವರ್ಷ ನಿಂತೆ.
ಎಡಗಿವಿಯನ್ನು ಕಾರ್ಖಾನೆ ತಾನೇ ಇಟ್ಟುಕೊಂಡಿತು.
ಗ್ರಾಚ್ಯುಟಿ ಕೊಟ್ಟರು, ಶಾಲು, ಗೋಡೆ ಗಡಿಯಾರ ಕೊಟ್ಟರು;
ಕಿವಿಯ ಬಾಬ್ತು ಯಾವ ಕಾಲಮ್ಮಿನಲ್ಲೂ ಇರಲಿಲ್ಲ.

ದೂರು ಹೇಳುತ್ತಿಲ್ಲ. ವಿಷಯ ಬೇರೆ ಇದೆ.

ಫರ್ಟಾಡೊ ಫೋರ್‌ಮನ್ನರು ಕ್ವಾರ್ಟರ್ಸ್ ಖಾಲಿ ಮಾಡುವ ದಿನ
ಕಿತ್ತಳೆ ಪೆಟ್ಟಿಗೆಯಲ್ಲಿ ನಲವತ್ತೆರಡು ರೆಕಾರ್ಡು,
ಒಂದು ಪ್ಲೇಯರು, ಎರಡು ಸ್ಪೀಕರು.
"ಸೈಕಲ್ಲಿಗೆ ಅಂತ ಇಟ್ಟಿದೀಯಲ್ಲ, ಅಷ್ಟೇ ಕೊಡು" ಅಂದರು.
ಕೊಟ್ಟೆ. ಮುಂದೆ ಹನ್ನೊಂದು ವರ್ಷ
ಮೂರೂ ಪಾಳಿಗೆ ನಡೆದೇ ಹೋದೆ.

ಜಾಝ್ ಅಂದರೇನು ಸಾರ್ ಅಂತ ಕೇಳಿದ್ದಕ್ಕೆ
ತಣಿಗೆಬೈಲಿನಲ್ಲಿ ಒಮ್ಮೆ ರೋಪ್‌ವೇ ತೋರಿಸಿದ್ದರು:
ಬೆಟ್ಟದಿಂದ ಅದಿರಿನ ತೊಟ್ಟಿಲು ಇಳಿಯೋದು ನೋಡು,
ಕಂಬ ದಾಟುವಾಗ ಬಿದ್ದೇಹೋಯ್ತು ಅನ್ಸುತ್ತೆ,
ಬೀಳಲ್ಲ; ತೂಗಿಕೊಂಡು, ಒಂದು ಚೂರು ತಡವಾಗಿ,
ತನ್ನ ಜಾಗಕ್ಕೇ ಬರುತ್ತೆ.
ತಾಳ ಹೊಡೆಯೋದಲ್ಲ ಕಣೋ, ತೂಗೋದು.

ಈಗ ನೂರ ತೊಂಬತ್ತಿವೆ.
ಶಿವಮೊಗ್ಗದ ಗುಜರಿಯಲ್ಲಿ, ತೂಕದ ಲೆಕ್ಕಕ್ಕೆ.
ಹಳೇ ಬಟ್ಟೆಗೆ ಪಾತ್ರೆ ಕೊಡುವವಳ ಬುಟ್ಟಿಯಲ್ಲಿ.
ಎಸ್ಟೇಟ್ ಕ್ಲಬ್ಬೊಂದು ಬಾಗಿಲು ಹಾಕಿದಾಗ
ಬಿಲಿಯರ್ಡ್ಸ್ ಮೇಜಿನಡಿ ಒಂದೇ ಸಲಕ್ಕೆ ಮೂವತ್ತು.
ಅದರಲ್ಲೊಂದಕ್ಕೆ ಇಲಿ ಕಡಿದ ಅಂಚು:
ಮೊದಲ ಹಾಡು ಇಲಿಯದು,
ಎರಡನೆಯದರಿಂದ ಕ್ಲಾರಿನೆಟ್ಟಿನದು.

ರಾತ್ರಿ ಊಟವಾದ ಮೇಲೆ, ಹಳೇ ಪಂಚೆಯ ತುಂಡಿನಲ್ಲಿ
ಒಳಗಿನಿಂದ ಹೊರಗೆ ಮೆಲ್ಲಗೆ ಒರೆಸಿ
ಮುಳ್ಳು ಇಳಿಸಿದರೆ
ಎಣ್ಣೆಗೆ ಸಾಸಿವೆ ಬಿದ್ದ ಸದ್ದು.
ಇನ್ನೇನು ಒಗ್ಗರಣೆ ಘಮ್ಮೆನ್ನಬೇಕು.

ಹಳೆಯ ಸ್ಟೀರಿಯೋದವರದು ಒಂದೇ ಹಟ.
ಡ್ರಮ್ಮು, ಬಾಸು ಬಲಕ್ಕೆ, ತುತ್ತೂರಿ ಎಡಕ್ಕೆ,
ನಡುವೆ ಯಾರೂ ಇಲ್ಲ. ಮಾತು ಬಿಟ್ಟ ಅಣ್ಣತಮ್ಮಂದಿರು
ಹಿತ್ತಲು ಪಾಲು ಮಾಡಿಕೊಂಡ ಹಾಗೆ.
ಹಾಗಾಗಿ ಪ್ರತಿ ರೆಕಾರ್ಡೂ ನನಗೆ ಎರಡೆರಡು ಸಲ.
ಒಮ್ಮೆ ಸ್ಪೀಕರುಗಳಿಗೆ ಮುಖ ಮಾಡಿ,
ಒಮ್ಮೆ ಕುರ್ಚಿ ತಿರುಗಿಸಿ ಬೆನ್ನು ಹಾಕಿ.
ಕಿಟಕಿಯಿಂದ ನೋಡಿದ ಹಾಲಿನ ಹುಡುಗ
ಅಜ್ಜ ಗೋಡೆಯೆದುರು ಶಿಕ್ಷೆಗೆ ಕೂತಿದಾರೆ ಅಂತ
ಬೀದಿಗೆಲ್ಲ ಹೇಳಿದಾನೆ.

ರೇಡಿಯೋ ರಿಪೇರಿಯ ಬಾಷು ಬಂದು
"ಎರಡೂ ವೈರು ಸೇರಿಸಿಬಿಡ್ತೀನಿ ಸಾರ್,
ಎಲ್ಲ ಒಂದೇ ಕಡೆ ಬರುತ್ತೆ" ಅಂದ.
ಬೇಡ ಮಾರಾಯ ಅಂದೆ.
ಹೋಳಿಗೆ ಎರಡು ಸಲ ಬಡಿಸಿಕೊಳ್ಳುವವನಿಗೆ
ಒಂದರ ಮೇಲೊಂದಿಟ್ಟು ಕೊಟ್ಟರೆ ಹೇಗೆ?

ಅಲ್ಲದೆ, ಎಡಗಡೆ ದೇವೀರಿ ಕೂತಿರುತ್ತಾಳೆ,
ಮೊರದ ತುಂಬ ನೆನೆಸಿದ ಅವರೆ.
"ಆ ಕಡೆ ಏನಾಗ್ತಿದೆ?" ಅಂತ ಕೇಳುತ್ತೇನೆ.
ಈ ಸಂಗೀತ ಅವಳಿಗೆ ಸೇರುವುದಿಲ್ಲ,
ಆದರೂ ವರದಿ ಒಪ್ಪಿಸುತ್ತಾಳೆ, ತಲೆ ಎತ್ತದೆ:
"ಒಬ್ಬ ಬಂದ. ಕುಡಿದಿದಾನೆ.
ಮನೆ ಬಾಗಿಲು ಹುಡುಕ್ತಿದಾನೆ. ಸಿಕ್ತು.
ಅಯ್ಯೋ, ಪಕ್ಕದ ಮನೇದು.
ಬೈಸಿಕೊಂಡ. ಈಗ ಮೆಟ್ಟಲ ಮೇಲೆ ಕೂತು
ಅವರಮ್ಮನ್ನ ನೆನೆಸ್ಕೊಂಡು ಅಳ್ತಿದಾನೆ ನೋಡಿ."

ಆಮೇಲೆ ಕುರ್ಚಿ ತಿರುಗಿಸಿ ನಾನೇ ಕೇಳಿದರೆ
ತುತ್ತೂರಿಯವನು ಚೆನ್ನಾಗಿಯೇ ಊದಿರುತ್ತಾನೆ.
ಬಾಗಿಲು ಮಾತ್ರ ಎಲ್ಲೂ ಕಾಣುವುದಿಲ್ಲ.

ಮೊನ್ನೆ, ಧನುರ್ಮಾಸದ ಚಳಿ,
ಹೊಸದಾಗಿ ತಂದ ರೆಕಾರ್ಡು, ನಿಧಾನದ್ದು.
ಬಲಗಡೆ ಬ್ರಷ್ಷಿನಲ್ಲಿ ಯಾರೋ ಅಂಗಳ ಗುಡಿಸುತ್ತಿದ್ದರು,
ಅಷ್ಟೇ, ಬಹಳ ಹೊತ್ತು.
"ಆ ಕಡೆ ಏನು?" ಅಂದೆ.
ಉತ್ತರವಿಲ್ಲ.
"ದೇವೀರಿ, ಬಂದನಾ ಅವನು?"
"ಶ್, ಒಂದು ಗಳಿಗೆ ಸುಮ್ನಿರಿ" ಅಂದಳು.

ಎರಡು ಬೆರಳ ನಡುವೆ ಸಿಪ್ಪೆ ಹರಿದ ಕಾಳು
ಹಾಗೇ ನಿಂತಿತ್ತು.
ಮುಳ್ಳು ನಡುವಿನ ಕಾಗದಕ್ಕೆ ಬಂದು ತಟ್ಟತೊಡಗಿದ ಮೇಲೆ
ತಟ್ಟೆಗೆ ಬಿತ್ತು.

ಆ ರಾತ್ರಿ ನಾನು ಕುರ್ಚಿ ತಿರುಗಿಸಲಿಲ್ಲ.